ಅಣ್ಣನ ನೌಕರಿ, ತಮ್ಮನ ಮದುವೆ

ವೈಜಿನಾಥ ತೀರಿಕೊಂಡು ಕೆಲವು ತಿಂಗಳಾದ ಮೇಲೆ, ಅವನ ನೌಕರಿ ಅವನ ಹೆಂಡತಿ ಶಾಲುಬಾಯಿಗೆ ಸಿಗುತ್ತದೆ ಎಂದು ಖಾತ್ರಿಯಾಯಿತು. ಆವತ್ತಿನಿಂದ ಸಂತಪುರದ ಮನೆಯಲ್ಲಿ ಅತ್ತೆ-ಮಾವ ಅವಳ ಜೊತೆ ಮಾತಾಡುವ ದನಿಯೇ ಬೇರೆಯಾಯಿತು.

ವೈಜಿನಾಥ ಬೀದರಿನಲ್ಲಿ ಸರಕಾರಿ ಕಚೇರಿಯೊಂದರ ಜವಾನನಾಗಿದ್ದ. ರಸ್ತೆಯಲ್ಲಿ ನಾಯಿ ಅಡ್ಡ ಬಂದು ಮೋಟಾರ್‌ಸೈಕಲ್ ಮಗುಚಿ ಸತ್ತಿದ್ದ. ಶಾಲುಬಾಯಿ ಬೀದರಿನ ಮೈಲೂರು ಬಡಾವಣೆಯ ಬಾಡಿಗೆ ಮನೆಗೆ ಬೀಗ ಹಾಕಿ, ಏಳು ವರ್ಷದ ಮಗಳು ಸುಜಾತಾಳನ್ನು ಕರೆದುಕೊಂಡು ಸಂತಪುರಕ್ಕೆ ಬಂದಿದ್ದಳು. ಎರಡು ವರ್ಷದಿಂದ ಆ ಕಡೆ ಮಳೆಯಿರಲಿಲ್ಲ. ಅರ್ಧ ಊರು ಹೈದರಾಬಾದು, ಪುಣೆ ಅಂತ ಹೋಗಿಬಿಟ್ಟಿತ್ತು.

ಮಾವ ಕಾಶೀರಾಮ ಒಂದು ದಿನ ಶಾಲುಬಾಯಿಯ ತಾಯಿ ಕೌಸಲ್ಯಾಬಾಯಿಯನ್ನು ಚಿಂತಾಕಿಯಿಂದ ಕರೆಸಿಕೊಂಡು ಅಂಗಳದ ಹೊರಸಿನ ಮೇಲೆ ಕೂಡಿಸಿದ.

"ನೌಕರಿ ಬಂದದ್ದು ನನ್ನ ಮಗನ ಜೀವದ ಮ್ಯಾಲ," ಎಂದ.

"ಹೌದ್ರಿ ಬೀಗರ. ಇಲ್ಲ ಅಂದವರು ಯಾರು?"

"ನಿಮ್ಮ ಮಗಳಿಗಿ ಇನ್ನಾ ಮೂವತ್ತೊಂದು. ನಾಳಿ ಪಗಾರ ಕೈಗಿ ಬಂತಂದ್ರ ಮತ್ತೊಂದು ಮನಿ ನೋಡಕೋತಾಳ. ಆಗ ನಾವು ಯಾರ ಬಾಗಲಿಗಿ ಹೋಗೋದು? ಬಾವ್ಯಾಗ ನೀರಿಲ್ಲ, ಹೊಲದಾಗ ಕಡ್ಡಿ ಇಲ್ಲ."

"ಆಕಿ ಹಂಗ್ಯಾಕ ಮಾಡ್ತಾಳ್ರಿ?"

"ಮಾಡಲ್ಲಂದ್ರ ಚೊಲೋ ಆಯ್ತು. ಮಚ್ಛೇಂದ್ರನ ಜೋಡಿ ಉಡಕಿ ಲಗ್ನ ಮಾಡ್ರಿ. ನೌಕರಿ ಆಕಿಗೇ ಕೊಡ್ರಿ ಅನ್ನೋ ಒಪ್ಪಿಗಿ ಕಾಗದಕ್ಕ ನಾನೂ ನಮ್ಮಾಕಿನೂ ಸಹಿ ಹಾಕ್ತೇವಿ. ಇಲ್ಲಂದ್ರ ಇಲ್ಲ."

ಮಚ್ಛೇಂದ್ರ ಕಾಶೀರಾಮನ ಕಿರಿಯ ಮಗ. ಹೈದರಾಬಾದಿನಲ್ಲಿ ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದ. ಶಾಲುಬಾಯಿಗಿಂತ ಮೂರು ವರ್ಷ ಸಣ್ಣವನು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಶಾಲುಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ನನ್ನ ಕೇಳದs ನನ್ನ ಲಗ್ನ ಮಾಡ್ಲತ್ತೀರೇನ್ರಿ ಮಾವಾರ?"

"ನಿಮ್ಮವ್ವಗ ಕೇಳ್ಲತ್ತೀನಲ್ಲಾ?"

"ಲಗ್ನ ನಮ್ಮವ್ವಂದಾ, ನಂದಾ?"

ಅತ್ತೆ ಜಿಜಾಬಾಯಿ ನಡುವೆ ಬಾಯಿ ಹಾಕಿದಳು. "ಮಚ್ಛೇಂದ್ರನೇ ಹಠಾ ಹಿಡದಾನ. ಅಣ್ಣನ ಹೆಂಡ್ತಿ, ನಮ್ಮ ವೈನಿ, ಮಂದಿ ಮನಿಗಿ ಹೋಗೋದು ಬ್ಯಾಡ, ನಾನೇ ಮಾಡ್ಕೋತೇನಿ ಅಂದಾನ. ಒಂದು ಕೂಸಿನ ತಾಯಿಗಿ ಇಂಥಾ ಹುಡುಗ ಎಲ್ಲಿ ಸಿಗ್ತಾನ?"

"ನನಗ ಯಾವ ಹುಡುಗನೂ ಬ್ಯಾಡ್ರಿ."

"ಬ್ಯಾಡಂದ್ರ ಚಿಂತಾಕಿಗಿ ನಡಿ. ಸುಜಾತಾ ಮಾತ್ರ ನಮ್ಮ ರಕ್ತ. ಆಕಿ ಇಲ್ಲೇ ಇರ್ತಾಳ."

ಕೌಸಲ್ಯಾಬಾಯಿ ಎರಡು ದಿನ ಉಳಿದಳು. ಮಗಳ ತಲೆಗೆ ಎಣ್ಣೆ ಹಚ್ಚುತ್ತ, ಅಕ್ಕಿ ಆರಿಸುತ್ತ ಒಂದೇ ಮಾತು ಹೇಳಿದಳು: "ಮಗಳನ್ನ ಬಿಟ್ಟ ಇರ್ತೀ? ಇರ್ತೀ ಅಂದ್ರ ಈಗs ನಡಿ ನನ್ನ ಜೋಡಿ." ಮೂರನೆಯ ದಿನ ಶಾಲುಬಾಯಿ ಹೂಂ ಅಂದಳು. ಕಾಶೀರಾಮ ಅಂದೇ ಕಾಗದಕ್ಕೆ ಸಹಿ ಹಾಕಿದ. ಆದರೆ ನೌಕರಿಯ ಆದೇಶ ಬಂದು ಲಗ್ನ ಮುಗಿಯುವ ತನಕ ಮೊಮ್ಮಗಳನ್ನು ಮನೆ ಬಿಟ್ಟು ಕದಲಿಸಲಿಲ್ಲ.

ಮದುವೆ ಸಂತಪುರದ ಮನೆಯಲ್ಲೇ ಬುದ್ಧನ ಫೋಟೋದ ಮುಂದೆ ಆಯಿತು. ವಂದನೆ ಹೇಳಿದವರು ಐದಾರು ಜನ. ಮಚ್ಛೇಂದ್ರ ಹಿಂದಿನ ದಿನವಷ್ಟೇ ಹೈದರಾಬಾದಿನಿಂದ ಬಂದಿಳಿದಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಸಿಮೆಂಟು ಇತ್ತು. ಹಾರ ಹಾಕುವಾಗ ಅವನು ಗೋಡೆ ನೋಡಿದ, ಅವಳು ನೆಲ ನೋಡಿದಳು. ಸುಜಾತಾ ಮಾತ್ರ ಖುಷಿಯಿಂದ "ಕಾಕಾ ಹೊಸಾ ಶರ್ಟ್ ಹಾಕ್ಯಾನ!" ಎಂದು ಕೂಗಿದಳು. ಯಾರೂ ನಗಲಿಲ್ಲ.

ಶಾಲುಬಾಯಿಗೆ ಕೆಲಸ ಭಾಲ್ಕಿಯ ಕಚೇರಿಯಲ್ಲಿ ಸಿಕ್ಕಿತು. ಮೈಲೂರಿನ ಮನೆಯಿಂದ ಸುಜಾತಾಳ ಸಾಲೆ ಹತ್ತಿರವಿದ್ದುದರಿಂದ ಅವಳು ಅಲ್ಲಿಂದಲೇ ದಿನಾ ರೈಲಿಗೆ ಓಡಾಡುವುದೆಂದು ಗೊತ್ತಾಯಿತು. ಸಂತಪುರದ ಬಾವಿ ತಳ ಕಂಡಾಗ ಕಾಶೀರಾಮ, ಜಿಜಾಬಾಯಿ ಕೂಡ ಹೊರೆ ಹೊತ್ತು ಮೈಲೂರಿಗೆ ಬಂದರು. ಎರಡು ಖೋಲಿಯ ಮನೆ, ಐದು ಜನ. ಮನೆಯ ಒಡತಿ ಅಕ್ತರಬೀ ಮುಂದಿನ ಭಾಗದಲ್ಲಿದ್ದಳು. ನಳದ ನೀರು ವಾರಕ್ಕೊಮ್ಮೆ ಬಂದರೆ ಬಂತು, ಇಲ್ಲದಿದ್ದರೆ ಟ್ಯಾಂಕರಿನ ಹಿಂದೆ ಓಡಬೇಕು.

ಗಂಡಸರು ಹೊರಗಿನ ಖೋಲಿಯಲ್ಲಿ, ಹೆಂಗಸರು ಒಳಗಿನ ಖೋಲಿಯಲ್ಲಿ ಮಲಗುತ್ತಿದ್ದರು. ಆ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಮದುವೆ ಮಾಡಿದವರಿಗೆ ಮದುವೆಯಾಗಿದ್ದರೆ ಸಾಕಿತ್ತು.

ಬಂದ ವಾರದಲ್ಲೇ ಜಿಜಾಬಾಯಿ ಅಡುಗೆಯ ಕಪಾಟಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಶಾಲುಬಾಯಿ ನಸುಕಿನಲ್ಲಿ ಎದ್ದು ಎಲ್ಲರಿಗೂ ರೊಟ್ಟಿ ಬಡಿದು, ಬೇಳೆ ಬೇಯಿಸಿ, ಮಗಳ ಜಡೆ ಹೆಣೆದು ಸ್ಟೇಷನ್ನಿಗೆ ಓಡುವಳು. ಸಂಜೆ ಬಂದರೆ ಬುಟ್ಟಿಯಲ್ಲಿ ಒಣಗಿದ ಅರ್ಧ ರೊಟ್ಟಿ, ತಳ ಹತ್ತಿದ ಬೇಳೆ.

"ಅತ್ತೀ, ನನಗ ಪಲ್ಯಾ ಇಡಲಿಲ್ಲೇನ್ರಿ?"

"ಕಚೇರ್ಯಾಗ ದಿನಾ ಚಹಾ-ಬಿಸ್ಕೀಟ್ ಸಿಗ್ತಾವಂತಲ್ಲ. ನಾವು ಇಲ್ಲಿ ಟ್ಯಾಂಕರಿನ ಮುಂದ ನಿಂತು ಬಿಸಲಾಗ ಸುಟ್ಟೀವಿ."

"ಚಹಾ ಮಂದಿಗಿ ಕೊಡೋದು ನನ್ನ ಕೆಲಸ್ರಿ, ಕುಡಿಯೋದಲ್ಲ."

"ನೋಡು, ಒಂದು ಮಾತಿಗಿ ಹತ್ತು ಮಾತು! ನೌಕರದಾರಳು!"

ಮಚ್ಛೇಂದ್ರ ಬೀದರಿನಲ್ಲೇ ಚಾಂದ ಪಾಶಾ ಎಂಬ ಮೇಸ್ತ್ರಿಯ ಹತ್ತಿರ ಕೆಲಸ ಹಿಡಿದ. ಬೆಳಿಗ್ಗೆ ಹೋದರೆ ಸಂಜೆ ಧೂಳು ಬಡಿದುಕೊಂಡು ಬರುತ್ತಿದ್ದ. ಶಾಲುಬಾಯಿಯೊಡನೆ ಅವನ ಮಾತೆಂದರೆ ಜಗಳ ಅಷ್ಟೇ. ಒಮ್ಮೆ ಡ್ರಮ್ಮಿನ ನೀರಿನಲ್ಲಿ ಅವನು ಕೈಕಾಲು ತೊಳೆದ.

"ಅದು ಕುಡಿಯೋ ನೀರು," ಎಂದಳು ಶಾಲುಬಾಯಿ. "ಕಣ್ಣ ಕಾಣ್ಸಲ್ಲೇನು ನಿನಗ?"

"ಬರದಿಟ್ಟೀರೇನ್ರಿ ವೈನಿ ಅದರ ಮ್ಯಾಲ?"

ಜಿಜಾಬಾಯಿ ಇಬ್ಬರ ಮೇಲೂ ಹರಿಹಾಯ್ದಳು. "ಗಂಡಗ 'ನೀ' ಅಂತೀ? ನಿನಗೇನ್ ಮತಿ ಅದನೋ ಇಲ್ಲೋ? ನೀನೂ ಅಷ್ಟೇನೋ, ಕಟ್ಟಿಕೊಂಡ ಹೆಂಡ್ತಿಗಿ ವೈನಿ ಅಂದ್ರ ಓಣ್ಯಾಗಿನ ಮಂದಿ ಏನಂದಾರು?"

"ಮಂದೀನ ಕೇಳಿ ಕಟ್ಟಿದ್ರೇನು?" ಎಂದು ಮಚ್ಛೇಂದ್ರ ಹೊರಗೆ ಹೋಗಿಬಿಟ್ಟ.

ಮೊದಲನೆಯ ಪಗಾರ ಬಂದಾಗ ಶಾಲುಬಾಯಿ ಮೂಟೆ ಜೋಳ, ತೊಗರಿಬೇಳೆ, ಅತ್ತೆಯ ಬಿ.ಪಿ. ಗುಳಿಗೆ, ಇನ್ನೊಂದು ನೀರಿನ ಡ್ರಮ್ಮು ತಂದಳು. ಮಗಳಿಗೆ ಸಾಲೆಯ ಬೂಟು ತಂದಳು. ಆ ಸಂಜೆ ಊಟಕ್ಕೆ ಕೂತಾಗ ಕಾಶೀರಾಮ ತಾಟು ಸರಿಸಿ ಕೈ ಚಾಚಿದ.

"ಬ್ಯಾಂಕಿನ ಕಾರ್ಡ ಕೊಡು. ವೈಜಿನಾಥ ಇದ್ದಾಗ ನನ್ನ ಕಡೀನೇ ಇರ್ತಿತ್ತು."

"ಅವರು ಕೊಟ್ಟಿರಬಹುದ್ರಿ. ನಾ ಕೊಡಲ್ಲ. ಮನಿಗಿ ಏನ್ ಬೇಕು ಹೇಳ್ರಿ, ತರ್ತೇನಿ."

"ಅಂದ್ರ ನಾ ನಿನ್ನ ಮುಂದ ಕೈ ಚಾಚಬೇಕು? ಬೀಡಿಗೂ ನಿನ್ನ ಕೇಳಬೇಕು?"

"ಕೇಳ್ರಿ. ಅದರಾಗೇನದ? ನಾ ಉಪ್ಪಿಗೂ ಅತ್ತೀಗಿ ಕೇಳ್ತೇನಿ, ಕೀಲಿ ಅವರ ಸೆರಗಿನಾಗ ಅದ."

ಮಚ್ಛೇಂದ್ರ ರೊಟ್ಟಿ ಮುರಿಯುತ್ತಲೇ, ತಲೆಯೆತ್ತದೆ ಅಂದ: "ಅಣ್ಣನ ನೌಕರಿ ಬೇಕು. ಅಣ್ಣನ ಅವ್ವ-ಅಪ್ಪ ಬ್ಯಾಡ."

ಶಾಲುಬಾಯಿಯ ಕೈಯಲ್ಲಿದ್ದ ಬೇಳೆಯ ಸೌಟು ಅಲ್ಲೇ ನಿಂತಿತು. "ನೌಕರಿ ಯಾರಿಗಿ ಬೇಕಾಗಿತ್ತು ಅಂತ ಊರಿಗೇ ಗೊತ್ತದ. ಅಣ್ಣನ ಮೈ ಆರೋಕಿಂತ ಮೊದಲ ಹೈದರಾಬಾದ ಬಿಟ್ಟು ಓಡಿ ಬಂದವರು ಯಾರು?"

ಮಚ್ಛೇಂದ್ರ ತಾಟನ್ನು ತಳ್ಳಿ ಎದ್ದ. ಅದು ಗೋಡೆಗೆ ಬಡಿದು ಬೇಳೆ ಚೆಲ್ಲಿತು. ಸುಜಾತಾ ಅಳಲು ಶುರು ಮಾಡಿದಳು. "ತಿನ್ನೋ ಅನ್ನ ಚೆಲ್ಲಿಸಿದ್ಯಲ್ಲೇ," ಎಂದು ಜಿಜಾಬಾಯಿ ಸೊಸೆಗೇ ಬೈದಳು. ಗೋಡೆ ಒರೆಸಿದವಳು ಶಾಲುಬಾಯಿ.

ಮುಂದಿನ ಸೋಮವಾರ ಅವಳು ಭಾಲ್ಕಿಯಿಂದ ಮರಳಿದಾಗ ಮನೆಯಲ್ಲಿ ಮಗಳಿರಲಿಲ್ಲ. ಸಾಲೆಯ ಚೀಲ ಗೂಟಕ್ಕಿತ್ತು. ಕಾಶೀರಾಮನೂ ಇರಲಿಲ್ಲ.

"ಸುಜಾತಾ ಎಲ್ಲಿ?"

ಜಿಜಾಬಾಯಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಔರಾದಕ್ಕ ಹೋಗ್ಯಾಳ, ನಮ್ಮ ಮಗಳು ಕಾಂತಾನ ಮನಿಗಿ. ಆಕಿ ಮುತ್ಯಾ ಒಯ್ದಾನ. ಅಲ್ಲೇ ಸಾಲಿಗಿ ಹಾಕ್ತಾನಂತ."

"ನನಗ ಹೇಳದೆ?"

"ನೀ ಎಲ್ಲಾ ನಮಗ ಹೇಳಿ ಮಾಡ್ತೀಯೇನು? ಕಾರ್ಡ ಕೊಡು, ನಾಳಿ ಬರ್ತಾಳ."

ಶಾಲುಬಾಯಿ ಕೂಗಿದ ಕೂಗಿಗೆ ಅಕ್ತರಬೀ ಮುಂದಿನ ಬಾಗಿಲಿನಿಂದ ಓಡಿಬಂದಳು. ಅಷ್ಟೊತ್ತಿಗೆ ಮಚ್ಛೇಂದ್ರನೂ ಕೆಲಸದಿಂದ ಬಂದ. ಶಾಲುಬಾಯಿ ಅವನ ಅಂಗಿ ಹಿಡಿದು ಜಗ್ಗಿದಳು.

"ಎಲ್ಲಾರೂ ಕೂಡಿ ಮಾಡೀರಿ! ನೀನೂ ಕೂಡಿ!"

"ಏನ್ ಮಾಡೀವಿ? ಏನಾಗ್ಯಾದವ್ವಾ?"

ತಾಯಿ ಹೇಳಿದಳು. ಮಚ್ಛೇಂದ್ರ ಗೂಟಕ್ಕಿದ್ದ ಸಾಲೆಯ ಚೀಲ ನೋಡಿದ. "ನನಗ ಗೊತ್ತಿಲ್ಲ," ಎಂದ ಶಾಲುಬಾಯಿಗೆ. ಅವಳು ನಂಬಲಿಲ್ಲ.

ಬೆಳಿಗ್ಗೆ ಅವಳು ಔರಾದದ ಬಸ್ಸು ಹತ್ತಿದಾಗ ಅವನೂ ಹತ್ತಿದ. ಬಸ್ಸಿನಲ್ಲಿ ಜನ ಕಡಿಮೆ. ಅವಳು ಕಿಟಕಿಗೆ ಕೂತಳು; ಅವನು ಅದೇ ಸೀಟಿನ ತುದಿಗೆ ಕೂತ.

"ನೀ ಯಾಕ ಬರ್ಲತ್ತಿ?"

"ಅಣ್ಣನ ಮಗಳು. ಆಕಿ ಸಲುವಾಗೇ ಈ ಲಗ್ನಕ್ಕ ಹೂಂ ಅಂದೀನಿ. ಇಲ್ಲಂದ್ರ ನಿಮ್ಮನ್ನ ಕಟ್ಟಿಕೊಳ್ಳೋ ಹುಚ್ಚು ನನಗಿತ್ತೇನು?"

"ಹುಚ್ಚಿಲ್ಲದs ಹಠಾ ಹಿಡದ್ಯಾ?"

"ಯಾರು ಹಠಾ ಹಿಡದ್ರು?"

"ನೀನೇ. ವೈನಿನ್ನ ನಾನೇ ಮಾಡ್ಕೋತೇನಿ ಅಂತ ಕುಣದೀಯಂತ. ನಿಮ್ಮವ್ವ ನಮ್ಮವ್ವನ ಮುಂದ ಹೇಳ್ಯಾಳ."

ಮಚ್ಛೇಂದ್ರ ತಿರುಗಿ ಅವಳ ಮುಖ ನೋಡಿದ. "ಅವ್ವಗ ಆರಾಮಿಲ್ಲ ಬಾ ಅಂತ ಫೋನ್ ಬಂತು ನನಗ. ಬಂದಮ್ಯಾಲ ಅಪ್ಪ ಅಂದ, ವೈನಿ ತಾನೇ ಕೇಳ್ಯಾಳ, ಮಚ್ಛೇಂದ್ರ ಮಾಡ್ಕೊಂಡ್ರ ಇರ್ತೇನಿ, ಇಲ್ಲಂದ್ರ ಪೋರಿನ್ನ ಬಿಟ್ಟು ಬ್ಯಾರಿ ಮನಿಗಿ ಹೋಗ್ತೇನಿ ಅಂದಾಳ ಅಂತ."

"ನಾ? ನಾ ಅಂದೀನಾ? ಸುಜಾತಾನ್ನ ಬಿಟ್ಟು ಹೋಗ್ತೇನಿ ಅಂತ ನಾ ಅಂದೀನಾ?"

ಮುಂದಿನ ಸೀಟಿನ ಮುದುಕ ಹಿಂದೆ ತಿರುಗಿ ನೋಡಿದ. ಶಾಲುಬಾಯಿ ದನಿ ತಗ್ಗಿಸಲಿಲ್ಲ.

"ನೀ ಅದನ್ನ ನಂಬಿದ್ಯಾ? ಒಂಬತ್ತು ವರ್ಷ ನನ್ನ ಕೈ ಕೂಳು ತಿಂದೀ, ಒಂದು ಮಾತು ನನ್ನ ಕೇಳಬೇಕು ಅನ್ನಿಸಲಿಲ್ಲಾ?"

"ನೀವು ಕೇಳಿದ್ರೇನು ನನ್ನ?"

ಬಸ್ಸು ಸಂತಪುರದಲ್ಲಿ ನಿಂತು, ಇಬ್ಬರೋ ಮೂವರೋ ಇಳಿದರು. ರಸ್ತೆಯ ಬದಿಯಲ್ಲಿ ಮನೆಗಳು ಬೀಗ ಹಾಕಿಕೊಂಡಿದ್ದವು. ಬಸ್ಸು ಮುಂದೆ ಹೊರಟ ಮೇಲೆ ಮಚ್ಛೇಂದ್ರ ತನ್ನಷ್ಟಕ್ಕೆ ಎಂಬಂತೆ, "ಹೈದರಾಬಾದದಾಗ ಸ್ವಂತ ಗುತ್ತಿಗಿ ಹಿಡಿಯೋನಿದ್ದೆ. ನಾಕು ಮಂದಿ ಹುಡುಗರು ರೆಡಿ ಇದ್ದರು," ಎಂದ. ಔರಾದ ಬರುವ ತನಕ ಇಬ್ಬರೂ ಸಿಟ್ಟಿನಲ್ಲೇ ಕೂತಿದ್ದರು. ಆದರೆ ಆ ಸಿಟ್ಟು ಈಗ ಒಬ್ಬರ ಮೇಲೊಬ್ಬರದಾಗಿರಲಿಲ್ಲ.

ಕಾಂತಾಬಾಯಿಯ ಓಣಿಯಲ್ಲಿ ಟ್ಯಾಂಕರ್ ಬಂದು ನಿಂತಿತ್ತು. ಕೊಡಗಳ ಸಾಲಿನ ನಡುವೆ ಸುಜಾತಾ ತನ್ನ ಸೊಂಟಕ್ಕಿಂತ ದೊಡ್ಡ ಕೊಡ ಹಿಡಿದು ನಿಂತಿದ್ದಳು. ಕಾಲಲ್ಲಿ ಹೊಸ ಬೂಟು ಇರಲಿಲ್ಲ. ತಾಯಿಯನ್ನು ಕಂಡಾಗ ಓಡಿ ಬರಲಿಲ್ಲ. "ಪಾಳಿ ಹೋಗ್ತದ, ಅತ್ತಿ ಬೈತಾಳ," ಎಂದಳು. ಶಾಲುಬಾಯಿ ಕೊಡ ಕಿತ್ತು ಅಲ್ಲೇ ಎಸೆದು ಮಗಳನ್ನು ಎತ್ತಿಕೊಂಡಳು. ಮಚ್ಛೇಂದ್ರ ಆ ಕೊಡ ಎತ್ತಿಕೊಂಡು, ಸಾಲಿನಲ್ಲಿ ನಿಂತು, ತುಂಬಿಸಿಕೊಂಡು ಅಕ್ಕನ ಮನೆಯ ಬಾಗಿಲಲ್ಲಿ ಇಟ್ಟ.

"ತಗೋ ಅಕ್ಕ ನಿನ್ನ ನೀರು. ಪೋರಿನ್ನ ಒಯ್ತೀವಿ."

ಕಾಂತಾಬಾಯಿ ಸೊಂಟಕ್ಕೆ ಕೈಯಿಟ್ಟಳು. "ಒಯ್ರಿ. ನಾನೇನ್ ಕರದಿದ್ನೇನು? ನನಗs ಮೂರು ಮಕ್ಕಳು ಅವ. ಅಪ್ಪ ತಂದು ಬಿಟ್ಟಾನ."

ಒಳಗಿನಿಂದ ಕಾಶೀರಾಮ ಬಂದ. "ಕಾರ್ಡ ಕೊಡ್ಲಿ, ಪೋರಿನ್ನ ಒಯ್ಲಿ."

"ಅಪ್ಪಾ, ವೈನಿ ತಾನೇ ಲಗ್ನ ಕೇಳ್ಯಾಳ ಅಂತ ನೀ ಹೇಳಿದ್ದು ಖರೇನಾ ಸುಳ್ಳಾ?"

ಕಾಶೀರಾಮ ತಡವರಿಸಲಿಲ್ಲ. "ಸುಳ್ಳು. ಖರೇ ಹೇಳಿದ್ರ ನೀ ಬರ್ತಿದ್ದ್ಯಾ? ಆಕಿ ಒಪ್ತಿದ್ದಳಾ? ಮನಿ ಉಳೀಬೇಕಿತ್ತು, ಹೇಳ್ದೆ. ಈಗೇನ್ ನನ್ನ ಗಲ್ಲಿಗೆ ಹಾಕ್ತ್ಯಾ?"

"ಮನಿ ಉಳೀತಾ?"

"ಆಕಿ ಕಾರ್ಡ ಕೊಟ್ರ ಉಳೀತದ."

"ಹಂಗಿದ್ರ ನೀನೇ ಮಾಡ್ಕೋ ಆ ಮನಿ," ಎಂದು ಮಚ್ಛೇಂದ್ರ ಸುಜಾತಾಳನ್ನು ಶಾಲುಬಾಯಿಯ ಕಂಕುಳಿನಿಂದ ತನ್ನ ಹೆಗಲಿಗೆ ಏರಿಸಿಕೊಂಡು ಬಸ್ಟ್ಯಾಂಡಿನ ಕಡೆ ನಡೆದ.

ಮರುದಿನವೇ ಶಾಲುಬಾಯಿ ಒಂದು ಸ್ಟೋ, ನಾಲ್ಕು ಪಾತ್ರೆ ತಂದು ಹೊರಗಿನ ಖೋಲಿಯ ಮೂಲೆಯಲ್ಲಿ ಬೇರೆ ಒಲೆ ಹೂಡಿದಳು. ತಂದ ಜೋಳ-ಬೇಳೆಯನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಅತ್ತೆಯ ಕಪಾಟಿನ ಮುಂದೆ ಇಟ್ಟಳು.

"ಇದು ನಿಮ್ಮದ್ರಿ. ತಿಂಗಳಾ ತರ್ತೇನಿ. ಗುಳಿಗಿನೂ ತರ್ತೇನಿ. ನಿಮ್ಮ ಒಲಿ ನಿಮಗ, ನನ್ನ ಒಲಿ ನನಗ."

ಜಿಜಾಬಾಯಿ ಎದೆ ಬಡಿದುಕೊಂಡು ಅಕ್ತರಬೀಯ ಬಾಗಿಲಿಗೆ ಹೋದಳು. "ನೋಡ್ರಿ ಬೀ, ಒಂದೇ ಮನ್ಯಾಗ ಎರಡು ಒಲಿ! ಮುದುಕಿ ಕೈಲಿ ರೊಟ್ಟಿ ಬಡಸ್ತಾಳ!"

"ನಿನಗ ಜ್ವಾಳಾ-ಬ್ಯಾಳಿಯರ ಸಿಕ್ಕಿತಲ್ಲಮ್ಮಾ," ಎಂದಳು ಅಕ್ತರಬೀ. "ನಿನ್ನ ಸೊಸಿ ಇಷ್ಟು ದಿನಾ ಒಣಾ ರೊಟ್ಟಿ ತಿಂದಾಳ. ನನ್ನ ಕಿಡಕಿ ಅಲ್ಲೇ ಅದ, ಎಲ್ಲಾ ನೋಡೀನಿ ನಾ."

ಮಚ್ಛೇಂದ್ರ ಎರಡು ಒಲೆಯಲ್ಲಿ ಯಾವುದರ ಮುಂದೆಯೂ ಕೂರಲಿಲ್ಲ. ತಾಯಿ ಕರೆದರೆ "ಹಸಿವಿಲ್ಲ" ಅನ್ನುತ್ತಿದ್ದ. ಶಾಲುಬಾಯಿ ಕರೆಯಲೇ ಇಲ್ಲ. ಚಾಂದ ಪಾಶಾನ ಜೊತೆ ಹೋಟೆಲಿನಲ್ಲಿ ಉಂಡು ಬಂದು ಅಂಗಳದಲ್ಲಿ ಮಲಗುತ್ತಿದ್ದ. ಆದರೆ ಟ್ಯಾಂಕರ್ ಬಂದ ದಿನ ಎರಡೂ ಒಲೆಯ ಡ್ರಮ್ಮುಗಳು ತುಂಬಿರುತ್ತಿದ್ದವು.

ಔರಾದದಿಂದ ಮರಳಿದ ಕಾಶೀರಾಮ ಸುಮ್ಮನೆ ಕೂರುವ ಆಸಾಮಿಯಾಗಿರಲಿಲ್ಲ. ನೌಕರಿಗೆ ಸೇರುವಾಗ ಶಾಲುಬಾಯಿ, ಸತ್ತ ಗಂಡನ ತಂದೆ-ತಾಯಿಯನ್ನು ಸಾಕುತ್ತೇನೆಂದು ಬರೆದುಕೊಟ್ಟಿದ್ದಳು. ಆ ಮಾತು ಹಿಡಿದುಕೊಂಡು ಅವನು ಭಾಲ್ಕಿಯ ಕಚೇರಿಗೆ ಹೋಗಿ, ಸೊಸೆ ಕೂಳು ಹಾಕುವುದಿಲ್ಲವೆಂದು ದೂರು ಕೊಟ್ಟ. ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಚೇರಿಯ ಸೂಪರಿಂಟೆಂಡೆಂಟ್ ಹಾವಗೆಪ್ಪನವರು ಮನೆಯವರೆಲ್ಲರನ್ನೂ ಕರೆಸಿದರು.

ಆವತ್ತು ಕುರ್ಚಿ ಹಾಕಿದವಳೂ ಶಾಲುಬಾಯಿಯೇ, ಬಿಸಿಲಲ್ಲಿ ಬಂದ ಅತ್ತೆ-ಮಾವನಿಗೆ ತಟ್ಟೆಯಲ್ಲಿ ನೀರಿನ ಲೋಟ ತಂದವಳೂ ಅವಳೇ. ಅದು ಅವಳ ಕೆಲಸ. ಜಿಜಾಬಾಯಿ ನೀರು ಕುಡಿದು ಲೋಟ ಅವಳ ಕೈಗೇ ಕೊಟ್ಟಳು. ಮಚ್ಛೇಂದ್ರ ಕೊನೆಗೆ ಬಂದು ಬಾಗಿಲಲ್ಲಿ ನಿಂತ. ಅವನು ಬರುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಬಂದದ್ದು ನೋಡಿ ನೌಕರಿ ಹೋಯಿತೆಂದೇ ತಿಳಿದಳು. ಆ ಕ್ಷಣಕ್ಕೆ ಅವಳ ತಲೆಯಲ್ಲಿ ಬಂದದ್ದು ಒಂದೇ: ಚಿಂತಾಕಿಗೆ ಹೋದರೂ ಸುಜಾತಾಳನ್ನು ಬಿಡುವುದಿಲ್ಲ.

"ಮುದುಕರಿಗಿ ಊಟಾ ಹಾಕಲ್ಲಂತ, ಹೌದೇನವಾ?" ಎಂದರು ಹಾವಗೆಪ್ಪ.

"ಜ್ವಾಳಾ-ಬ್ಯಾಳಿ ತಂದ ಕೊಡ್ತೇನ್ರಿ ಸರ."

"ಒಲಿ ಬ್ಯಾರಿ ಮಾಡ್ಯಾಳ್ರಿ ಸಾಹೇಬ್ರ," ಎಂದ ಕಾಶೀರಾಮ. "ಮಗನ ನೌಕರಿ ತಿಂತಾಳ, ನಮ್ಮನ್ನ ಹೊರಗ ಹಾಕ್ಯಾಳ. ನಮ್ಮ ಸಣ್ಣ ಮಗನ್ನ ಕೇಳ್ರಿ. ಅವಗೂ ಕೂಳಿಲ್ಲ. ಹೋಟಲದಾಗ ಉಣ್ತಾನ."

ಹಾವಗೆಪ್ಪ ಬಾಗಿಲ ಕಡೆ ನೋಡಿದರು. "ನೀ ಏನಾಗ್ಬೇಕು?"

"ಇವರ ಮಗ್ರಿ. ಆಕಿ ಗಂಡ."

"ಯಾರ ಕಡಿ ಮಾತಾಡ್ಲಿಕ್ಕ ಬಂದಿ?"

"ಇದ್ದದ್ದು ಹೇಳ್ತೇನ್ರಿ. ಮನ್ಯಾಗ ಜ್ವಾಳ ಆಕೀದು, ಬಾಡಿಗಿ ಆಕೀದು, ನಮ್ಮವ್ವನ ಗುಳಿಗಿ ಆಕೀದು. ಅವ್ವ-ಅಪ್ಪಗ ಕೂಳು ಹಾಕದವ ನಾ ಇದ್ದೀನಿ. ನಾ ದುಡದದ್ದು ನಾನೇ ತಿಂತೇನಿ. ದೂರು ಬರೀಬೇಕಂದ್ರ ನನ್ನ ಹೆಸರು ಬರೀರಿ."

"ಮತ್ತ ಒಲಿ ಯಾಕ ಬ್ಯಾರಿ ಆಯ್ತು?"

"ಆಕಿ ಕಾರ್ಡ ಕೊಡಲಿಲ್ಲಂತ ಆಕಿ ಮಗಳನ್ನ ಸಾಲಿ ಬಿಡಿಸಿ ಔರಾದದಾಗ ಇಟ್ಟಿದ್ರು. ನೀರು ಹೊರ್ಲಿಕ್ಕ. ನಾ ಕಣ್ಣಲೆ ನೋಡೀನಿ."

"ಮಗನ ಬಾಯಾಗ ಆಕಿ ಮಾತು ಅವ್ರಿ!" ಎಂದು ಕಾಶೀರಾಮ ಕುರ್ಚಿಯಿಂದ ಎದ್ದ. ಜಿಜಾಬಾಯಿ ಅಲ್ಲೇ ಎಲ್ಲರೆದುರು ಮಗನ ಕೆನ್ನೆಗೆ ಹೊಡೆದಳು. ಮಚ್ಛೇಂದ್ರ ಕದಲಲಿಲ್ಲ.

ಹಾವಗೆಪ್ಪ ಟೇಬಲ್ ಬಡಿದರು. "ಇದು ಕಚೇರಿ ಅದ, ನಿಮ್ಮ ಅಂಗಳಲ್ಲ. ಜಗಳಾ ಮನ್ಯಾಗ ಮಾಡ್ರಿ." ಆಮೇಲೆ ಶಾಲುಬಾಯಿಗೆ, "ನೀನೂ ಕೇಳು. ಪಾಲು ತಪ್ಪದಂಗ ಕೊಡು. ಇನ್ನೊಮ್ಮಿ ಈ ದೂರು ನನ್ನ ಟೇಬಲ್ಲಿಗಿ ಬಂದ್ರ ನಾ ಸುಮ್ಮನಿರಲ್ಲ," ಎಂದರು.

ಕಾಶೀರಾಮ, ಜಿಜಾಬಾಯಿ ಮಗಳ ಮನೆಗೆ ಹೋಗುತ್ತೇವೆಂದು ಔರಾದದ ದಾರಿ ಹಿಡಿದರು. ಶಾಲುಬಾಯಿ ಕಚೇರಿ ಮುಗಿಸಿ ಸ್ಟೇಷನ್ನಿಗೆ ಬಂದಾಗ ಮಚ್ಛೇಂದ್ರ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತಿದ್ದ. ಬೆಂಚಿನ ಈ ತುದಿಗೆ ಅವಳು ಕೂತಳು.

"ಯಾಕ ಹಂಗ ಹೇಳ್ದಿ?"

"ಖರೇ ಇತ್ತು, ಹೇಳ್ದೆ."

"ನಿಮ್ಮಪ್ಪ ಇನ್ನ ನಿನ್ನ ಮುಖಾ ನೋಡಲ್ಲ."

"ಬಿಡ್ಲಿ." ಅವನು ಹಳಿಯ ಕಡೆ ನೋಡುತ್ತಿದ್ದ. "ನಾ ಹೈದರಾಬಾದಿಗಿ ಹೋಗ್ತೇನಿ. ಚಾಂದ ಪಾಶಾಗ ಹೇಳೀನಿ. ಲಗ್ನ ಮುರೀಲಿಕ್ಕ ನಿಮಗ ಸೋಡಚೀಟಿ ಬೇಕಂದ್ರ ಫೋನ್ ಮಾಡ್ರಿ. ಬಂದು ಸಹಿ ಮಾಡ್ತೇನಿ. ಯಾರೂ ನಿಮ್ಮನ್ನ ಹಿಡದಿಟ್ಟಿಲ್ಲ ಈಗ."

ಶಾಲುಬಾಯಿ ಚೀಲದಿಂದ ಬುತ್ತಿ ತೆಗೆದಳು. ಬೆಳಗಿನಿಂದ ಅವಳು ಅದನ್ನು ಬಿಚ್ಚಿರಲಿಲ್ಲ. ಎರಡು ರೊಟ್ಟಿ, ಪುಂಡಿಪಲ್ಯ. ಒಂದು ರೊಟ್ಟಿ ತೆಗೆದು ಪಲ್ಯ ಹಾಕಿ ಅವನ ಕಡೆ ಚಾಚಿದಳು. ಅವನು ತಗೊಂಡ. ಇಬ್ಬರೂ ತಿಂದರು.

"ಬೇಕಾದಾಗ ಹೇಳ್ತೇನಿ," ಎಂದಳು.

"ನಡುವ ಒಮ್ಮಿ ಬಂದ್ರ ನಡೀತದಾ?"

"ಅಣ್ಣನ ಮಗಳನ್ನ ನೋಡ್ಲಿಕ್ಕ ಅಂತ ಬರಬ್ಯಾಡ. ನಮ್ಮ ಮ್ಯಾಲ ಕನಿಕರ ಬಂತಂತನೂ ಬರಬ್ಯಾಡ."

"ಮತ್ತ ಏನಂತ ಬರ್ಲಿ?"

"ಅದನ್ನೂ ನಾನೇ ಹೇಳ್ಕೊಡಬೇಕಾ?"

ರೈಲು ಬಂತು. ಬೀದರಿನಲ್ಲಿ ಅವಳು ಇಳಿದಳು. ಅವನು ಅದೇ ರೈಲಿನಲ್ಲಿ ಮುಂದೆ ಹೋದ.

ಕಾಂತಾಬಾಯಿಯ ಗಂಡ ಅತ್ತೆ-ಮಾವನನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಇಬ್ಬರೂ ಮೈಲೂರಿಗೆ ಮರಳಿ ಬಂದರು. ಶಾಲುಬಾಯಿ ಬಾಗಿಲು ತೆಗೆದಳು, ಜೋಳದ ಪಾಲು ಮುಂದಿಟ್ಟಳು, ಮಾತು ಆಡಲಿಲ್ಲ. ಜಿಜಾಬಾಯಿ ದಿನಾ ಒಲೆಯ ಮುಂದೆ ಕೂತು, "ಒಬ್ಬ ಮಣ್ಣಿಗಿ ಹೋದ, ಇನ್ನೊಬ್ಬನ್ನ ದೇಶಾಂತರ ಮಾಡಿದಳು," ಎಂದು ಕೇಳುವಂತೆ ಅನ್ನುತ್ತಿದ್ದಳು. ಕಾಶೀರಾಮ ಬೀಡಿಗೆ ಸೊಸೆಯನ್ನು ಕೇಳಲಿಲ್ಲ, ಬೀಡಿಯನ್ನೇ ಬಿಟ್ಟ. ಸುಜಾತಾ ಮಾತ್ರ ಎರಡೂ ಒಲೆಯಲ್ಲಿ ಉಣ್ಣುತ್ತಿದ್ದಳು. ಅವಳನ್ನು ಯಾರೂ ತಡೆಯಲಿಲ್ಲ.

ಹೈದರಾಬಾದಿನಿಂದ ಫೋನು ಬರುತ್ತಿತ್ತು. ಮೊದಮೊದಲು ಸುಜಾತಾ ಮಾತಾಡುವಳು. ಆಮೇಲೆ ಶಾಲುಬಾಯಿ. ಮಾತು ಹೆಚ್ಚೇನಿಲ್ಲ. ಟ್ಯಾಂಕರ್ ಬಂತಾ, ಗುತ್ತಿಗೆ ಸಿಕ್ಕಿತಾ, ಏನು ಅಡುಗೆ. ಒಂದು ದಿನ ಅವನು ತಾನು ಮಾಡಿದ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಿದ್ದೆನೆಂದು ಹೇಳಿದಾಗ ಅವಳು ನಕ್ಕಳು. ಒಳಗಿನ ಖೋಲಿಯಲ್ಲಿ ಜಿಜಾಬಾಯಿ ಪಾತ್ರೆ ಕುಕ್ಕಿದಳು.

ಮುಂಗಾರಿನ ಮೊದಲ ಮೋಡ ಬಂದು ಬರಿದೇ ಹೋದ ಒಂದು ರವಿವಾರ ಮಧ್ಯಾಹ್ನ ಮಚ್ಛೇಂದ್ರ ಬಾಗಿಲಲ್ಲಿ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಚೀಲ. ಅವನನ್ನು ಮೊದಲು ಕಂಡವಳು ತಾಯಿ.

"ಬಂದ್ಯಾ? ಯಾರನ್ನ ನೋಡ್ಲಿಕ್ಕ ಬಂದಿ? ನಾವು ಸತ್ತೀವೇನು ಅಂತ ನೋಡ್ಲಿಕ್ಕಾ?"

"ನನ್ನ ಹೆಂಡ್ತೀನ ನೋಡ್ಲಿಕ್ಕ ಬಂದೀನವ್ವಾ," ಎಂದ ಮಚ್ಛೇಂದ್ರ.

ಶಾಲುಬಾಯಿ ಕೈಯಲ್ಲಿ ಅರಿವೆ ಹಿಡಿದು ಮಂಡಿಯೂರಿದ್ದಳು. ಅರಿವೆಯನ್ನು ಬಕೀಟಿಗೆ ಹಾಕಿದಳು.

"ಚಪ್ಪಲಿ ಹೊರಗ ಬಿಡ್ರಿ," ಎಂದಳು. "ನೆಲಾ ಈಗ ಒರಸೀನಿ."

ಅವನು ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ತುದಿಗಾಲಲ್ಲಿ ನಡೆದು ಅವಳ ಒಲೆಯ ಮುಂದೆ ಕೂತ. ಅವಳು ತಾಟು ಹಾಕಿದಳು.

ಆ ವರ್ಷ ತಡವಾಗಿಯಾದರೂ ಮಳೆ ಹತ್ತಿತು, ಬಾವಿಗೆ ನೀರು ಬಂತು. ಕಾಶೀರಾಮ ಹೆಂಡತಿಯೊಡನೆ ಸಂತಪುರಕ್ಕೆ ಹೋಗಿ ಕಡಲೆ ಬಿತ್ತಿದ. ಶಾಲುಬಾಯಿ, ಮಚ್ಛೇಂದ್ರ ಭಾಲ್ಕಿಯಲ್ಲಿ ಕಚೇರಿಯ ಹತ್ತಿರ ಮನೆ ಹಿಡಿದರು. ಅವನು ಹೈದರಾಬಾದಿನ ಹುಡುಗರಲ್ಲಿ ಇಬ್ಬರನ್ನು ಅಲ್ಲಿಗೇ ಕರೆಸಿಕೊಂಡ. ಸುಜಾತಾ ಅಲ್ಲಿಯ ಸಾಲೆಗೆ ಸೇರಿದಳು. ಅವನನ್ನು ಕಾಕಾ ಎಂದೇ ಕರೆಯುತ್ತಾಳೆ. ಸಂತಪುರಕ್ಕೆ ತಿಂಗಳ ಪಾಲು ತಪ್ಪಲಿಲ್ಲ. ಅದನ್ನು ಕೊಡಲು ಮಚ್ಛೇಂದ್ರ ಹೋದರೆ ತಂದೆ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ.

ಮೈಲೂರಿನಲ್ಲಿ ಉಳಿದ ಪಾತ್ರೆ-ಪಡಗ ಒಯ್ಯಲು ಜಿಜಾಬಾಯಿ ಒಂದು ದಿನ ಬಂದಳು. ಅಕ್ತರಬೀ ಚಹಾ ಕೊಟ್ಟಳು. ಜಿಜಾಬಾಯಿ ಲೋಟ ಹಿಡಿದುಕೊಂಡು ಸೊಸೆಯನ್ನು ಬೈದದ್ದೇ ಬೈದದ್ದು: ಮಗ ಈಗ ಆಕೆಯ ಟಿಫಿನ್ ಡಬ್ಬಿ ಹಿಡಿದು ಕಚೇರಿಗೆ ಹೋಗುತ್ತಾನಂತೆ, ಆಕೆಗೆ ದಿನ ತುಂಬುತ್ತ ಬಂದಿದೆಯಂತೆ, ಇಬ್ಬರೂ ಪ್ಯಾಟಿಯಲ್ಲಿ ಜೊತೆಯಾಗಿ ನಡೆಯುತ್ತಾರಂತೆ.

"ಮತ್ತ ಲಗ್ನ ಮಾಡಿಸಿದವರು ನೀವೇ ಅಲ್ಲೇನಮ್ಮಾ?" ಎಂದಳು ಅಕ್ತರಬೀ.

"ನೌಕರಿ ಮನ್ಯಾಗ ಉಳೀಲಿ ಅಂತ ಮಾಡಿಸಿದ್ವಿ ಬೀ," ಎಂದಳು ಜಿಜಾಬಾಯಿ, ಕಣ್ಣೀರು ಒರೆಸಿಕೊಳ್ಳುತ್ತ. "ಹಿಂಗ ಇಬ್ಬರೂ ಖರೇನ ಗಂಡ-ಹೆಂಡ್ತಿ ಆಗಿಬಿಡ್ತಾರ ಅಂತ ಯಾರಿಗಿ ಗೊತ್ತಿತ್ತು?"